ಮಂಡಾಳು ಭಟ್ಟಿಯ ಮುಂದೆ ಭೂಗೋಳ

ಮೊನ್ನೆ ನಮ್ಮೂರ ವಾಚನಾಲಯದಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಯಾವುದೋ ನೌಕರಿಯ ಪರೀಕ್ಷೆಗೆ ಓದುತ್ತ ಎದುರಿಗೆ ಕೂತಿದ್ದ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ನನ್ನನ್ನೇ ನೋಡತೊಡಗಿದಳು. ಈ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಅಷ್ಟು ಹೊತ್ತು ನೋಡಿದರೆ ಒಂದೋ ಅಂಗಿಯ ಗುಂಡಿ ತಪ್ಪಿರುತ್ತದೆ, ಇಲ್ಲವೇ ಅವರಿಗೆ ನನ್ನ ಕೈಯಲ್ಲಿರುವ ಪತ್ರಿಕೆ ಬೇಕಾಗಿರುತ್ತದೆ. ಗುಂಡಿ ಸರಿಯಾಗಿತ್ತು. ಪತ್ರಿಕೆ ಮುಂದೆ ಚಾಚಿದೆ. ಅವಳು ಬೇಡವೆಂದು ತಲೆಯಲ್ಲಾಡಿಸಿ ಮೆಲ್ಲಗೆ ಕೇಳಿದಳು:

"ಅಜ್ಜಾರ, ಮೈಯಾಗ ಆರಾಮ ಇಲ್ಲೇನ್ರಿ? ಆಗಿಂದ ಹಿಂದ ಮುಂದ ತೂಗಾಕ ಹತ್ತೀರಿ. ನೀರು ತರ್ಲೇನ್ರಿ?"

ನಾನು ಓದುವಾಗ ತೂಗುತ್ತೇನೆ. ಮನೆಯವರಿಗೆಲ್ಲ ಇದು ರೂಢಿಯಾಗಿರುವುದರಿಂದ ನನಗೂ ಮರೆತೇಹೋಗಿತ್ತು. ಪತ್ರಿಕೆ ಎಂದಲ್ಲ, ಮದುವೆಯ ಕರೆಯೋಲೆ ಓದಿದರೂ ತೂಗುತ್ತೇನೆ. ಔಷಧದ ಬಾಟಲಿಯ ಮೇಲಿನ ಚೀಟಿ ಓದುತ್ತ ತೂಗಿ, ಔಷಧವನ್ನೆಲ್ಲ ಧೋತರದ ಮೇಲೆ ಚೆಲ್ಲಿಕೊಂಡದ್ದುಂಟು.

"ರೋಗ ಅಲ್ಲವಾ ತಂಗಿ, ಇದು ವಿದ್ಯಾ" ಎಂದೆ.

ಅವಳು ನಕ್ಕಳು. ಆಮೇಲೆ ನಗು ಬಿಟ್ಟು, "ಹಂಗಾದ್ರ ಓದಿದ್ದು ತಲ್ಯಾಗ ಉಳ್ಯಾಕ ಏನರ ಉಪಾಯ ಇದ್ರ ಹೇಳ್ರಿ. ಮುಂಜಾನಿ ಓದಿದ್ದು ಸಂಜಿಗೆ ಇರವಲ್ದು" ಎಂದಳು. ಅವಳ ಮುಂದೆ ನಾಲ್ಕು ಬಣ್ಣದ ಪೆನ್ನುಗಳಿದ್ದವು. ಪುಸ್ತಕದಲ್ಲಿ ಗೆರೆ ಎಳೆಯದ ಸಾಲೇ ಇರಲಿಲ್ಲ. ಚೆನ್ನಾಗಿ ನಿದ್ದೆ ಮಾಡು, ಹಾಲು ಕುಡಿ ಎಂದು ಅಜ್ಜಂದಿರು ಹೇಳುವ ಮಾತನ್ನೇ ಹೇಳಿ ಎದ್ದುಬಂದೆ. ಮನೆಗೆ ಬಂದಮೇಲೆ ನಾಚಿಕೆಯಾಯಿತು. ಈ ವಿಷಯದಲ್ಲಿ ನನ್ನಷ್ಟು ಪೆಟ್ಟು ತಿಂದವರು ಕಡಿಮೆ. ನನಗೆ ಗೊತ್ತಿದ್ದ ನಿಜವಾದ ಉತ್ತರ ಹೇಳಬೇಕೆಂದರೆ ಹಂಪವ್ವತ್ತೆಯ ಕತೆಯನ್ನೇ ಹೇಳಬೇಕು. ವಾಚನಾಲಯದಲ್ಲಿ ಅಷ್ಟು ಮಾತಾಡಲು ಬಿಡುವುದಿಲ್ಲ.

ನಾನು ಓದಿದ್ದು ಕುಷ್ಟಗಿಯ ವಸ್ತಾನಿಯಾ ಸಾಲೆಯಲ್ಲಿ. ವಸ್ತಾನಿಯಾ ಎಂದರೆ ನಡುವಿನ ಸಾಲೆ, ಏಳನೆಯ ಇಯತ್ತೆಯವರೆಗೆ. ನಿಜಾಮರ ರಾಜ್ಯ, ಹೊರಗೆ ಎಲ್ಲೋ ದೊಡ್ಡ ಯುದ್ಧ ನಡೆದಿದೆಯೆಂದು ಹಿರಿಯರು ಕಟ್ಟೆಯ ಮೇಲೆ ಮಾತಾಡುತ್ತಿದ್ದ ಕಾಲ. ಮನೆಯಲ್ಲಿ ಕನ್ನಡ, ಸಾಲೆಯ ಹೊಸ್ತಿಲು ದಾಟಿದರೆ ಉರ್ದು. ಲೆಕ್ಕ ಹೋಗಿ ಹಿಸಾಬ್ ಆಗುತ್ತಿತ್ತು, ಚರಿತ್ರೆ ತಾರೀಖ್ ಆಗುತ್ತಿತ್ತು, ಭೂಗೋಳ ಜುಗ್ರಾಫಿಯಾ ಆಗುತ್ತಿತ್ತು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಮಹಬೂಬನ ಮನೆಮಾತು ಉರ್ದು. ಅವನಿಗಾದರೂ ಎಲ್ಲ ತಿಳಿಯುತ್ತದೆಂದು ನಾನು ಹೊಟ್ಟೆಕಿಚ್ಚುಪಟ್ಟಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಯಾರಿಗೆ ಗೊತ್ತಲೇ!" ಎಂದ ಮಹಬೂಬ. "ನಮ್ಮಮ್ಮಾ ರೋಟಿ ಖಾ, ಪಾನಿ ಲಾ ಅಂತಾಳ. ಈ ಪುಸ್ತಕದಾಗ ರೋಟಿನೂ ಇಲ್ಲ, ಪಾನೀನೂ ಇಲ್ಲ. ಇವರು ನೀರಿಗೆ ಸೈತ ಆಬ್ ಅಂತಾರ."

ಅರ್ಥವಾಗದ್ದನ್ನು ಉಳಿಸಿಕೊಳ್ಳಲು ನಮಗೆ ಗೊತ್ತಿದ್ದ ದಾರಿ ಒಂದೇ, ಬಾಯಿಪಾಠ. ಬಾಯಿಪಾಠಕ್ಕೆ ತೂಗಾಟ ಬೇಕು. ನಮ್ಮ ಗುರುಗಳು ಹೈದರಾಬಾದಿನಿಂದ ಬಂದ ಮೌಲ್ವಿ ಸಾಹೇಬರು. ಕೃಶವಾದ ಮೈ, ಉದ್ದನೆಯ ಶೇರವಾನಿ, ಕೈಯಲ್ಲಿ ನಕಾಶೆ ತೋರಿಸಲು ಮಾತ್ರ ಬಳಸುತ್ತಿದ್ದ ಒಂದು ಬೆತ್ತ. "ಝೂಮ್ ಝೂಮ್ ಕೇ ಪಢೋ" ಎನ್ನುವರು. ತೂಗುತ್ತ ತೂಗುತ್ತ ಓದಿರೆಂದು. ಚಾಪೆಯ ಮೇಲೆ ಸಾಲಾಗಿ ಕೂತ ಮೂವತ್ತು ಜನ ಒಟ್ಟಿಗೆ ಮುಂದಕ್ಕೆ ಬಾಗಿ, ಒಟ್ಟಿಗೆ ಹಿಂದಕ್ಕೆ ವಾಲುತ್ತಿದ್ದೆವು. ಹೊಸದಾಗಿ ಸೇರಿದವನೊಬ್ಬ ಮಾತ್ರ ಎಡಕ್ಕೂ ಬಲಕ್ಕೂ ತೂಗುತ್ತಿದ್ದ. ಅವನ ಅಕ್ಕಪಕ್ಕದವರ ಹಣೆಯಲ್ಲಿ ಆ ವರ್ಷವಿಡೀ ಬೋರೆಹಣ್ಣಿನಂಥ ಗಂಟುಗಳಿದ್ದವು.

ಈ ಪದ್ಧತಿಯಲ್ಲಿ ಪಾಠ ತಲೆಗೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಬಾವಿಗೆ ಬಿಟ್ಟ ಹಗ್ಗದ ಹಾಗೆ ಬರುತ್ತಿತ್ತು. ನಡುವಿನ ತುಂಡು ಬೇಕೆಂದರೆ ತುದಿಯಿಂದ ಎಳೆಯಬೇಕು. ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆಗೆ ಮೊದಲ ಸಲ ಕೂತಾಗ ಜುಗ್ರಾಫಿಯಾದ ನಲವತ್ತನೆಯ ಪುಟದ ಪ್ರಶ್ನೆ ಬಂತು. ನಾನು ಒಂದನೆಯ ಪುಟದಿಂದ ಹೊರಟೆ. ಅದೂ ಚಾಪೆಯ ಮೇಲಲ್ಲ, ನಾಲ್ಕು ಜನ ಕೂಡುವ ಬೆಂಚಿನ ಮೇಲೆ. ನಾನು ತೂಗಿದಂತೆಲ್ಲ ಬೆಂಚು ತೂಗಿತು, ಬೆಂಚು ತೂಗಿದಂತೆಲ್ಲ ಉಳಿದ ಮೂವರ ಅಕ್ಷರಗಳು ಕಾಗದದಿಂದ ಹೊರಗೆ ಹೋದವು. ಕಾವಲಿದ್ದ ಅಧಿಕಾರಿ ಬಂದು ನನ್ನ ಎರಡೂ ಭುಜ ಹಿಡಿದು ನೆಟ್ಟಗೆ ಕೂಡಿಸಿ, "ಹಿಲೋ ಮತ್" ಎಂದರು. ಅಲುಗಾಡಬೇಡ! ಅಲುಗಾಟ ನಿಂತಿತು. ಅದರ ಸಂಗಡ ನನ್ನ ವಿದ್ಯೆಯೂ ನಿಂತಿತು. ಹದಿನೇಳನೆಯ ಪುಟದಲ್ಲಿ ನಿಂತ ಗಾಡಿ ಗಂಟೆ ಬಾರಿಸುವವರೆಗೂ ಹೊರಡಲಿಲ್ಲ. ನಾನು ನಪಾಸಾದೆ, ಮಹಬೂಬನೂ ಆದ.

ಅಪ್ಪ ಹೆಚ್ಚು ಮಾತಿನವನಲ್ಲ. ನಮ್ಮದು ಮಂಡಾಳು, ಅಂದರೆ ಮಂಡಕ್ಕಿ, ಹುರಿಯುವ ಮನೆ. ಗಂಗಾವತಿಯ ಕಡೆಯಿಂದ ಭತ್ತ ತರಲು ಒಂದು ಎತ್ತಿನ ಗಾಡಿಯಿತ್ತು. ಅಪ್ಪ ಅದನ್ನೇ ತೋರಿಸಿ ಹೇಳಿದ: "ಇನ್ನೊಂದು ವರ್ಷ ನೋಡ್ತೀನಿ. ಮತ್ತ ನಪಾಸಾದ್ರ ಗಾಡಿ ಹೊಡಿ."

ಗಾಡಿ ಹೊಡೆಯುವುದು ಕೀಳು ಕೆಲಸವೆಂದು ನನಗೆ ಅನ್ನಿಸಿರಲಿಲ್ಲ. ತೊಂದರೆಯಿದ್ದದ್ದು ಎತ್ತುಗಳಲ್ಲಿ. ನಮ್ಮ ಎರಡೂ ಎತ್ತುಗಳಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ನಾನು ಹುಲ್ಲು ಹಾಕಲು ಹೋದರೆ ಹುಲ್ಲು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಅಂಥ ನಾಲ್ಕು ಕಣ್ಣುಗಳ ಹಿಂದೆ ಜನ್ಮ ಕಳೆಯುವುದಕ್ಕಿಂತ ಜುಗ್ರಾಫಿಯಾವೇ ವಾಸಿಯೆಂದು ತೀರ್ಮಾನಿಸಿ, ನೆನಪು ಹೆಚ್ಚಿಸುವ ಉಪಾಯಗಳ ಬೆನ್ನುಹತ್ತಿದೆ.

ಮೊದಲನೆಯದು ಒಂದೆಲಗ. ಅದನ್ನು ಬರಿ ಹೊಟ್ಟೆಯಲ್ಲಿ ತಿಂದರೆ ಕೇಳಿದ್ದು ಮರೆಯುವುದಿಲ್ಲವೆಂದು ಯಾರೋ ಅವ್ವನಿಗೆ ಹೇಳಿದರು. ಕುಷ್ಟಗಿಯ ಕೆಂಪು ನೆಲದಲ್ಲಿ ಅದು ಎಲ್ಲಿ ಸಿಗಬೇಕು? ಗಂಗಾವತಿಯ ಕಡೆ ಕಾಲುವೆಯ ದಂಡೆಯಲ್ಲಿ ಬೆಳೆಯುತ್ತದೆಂದು ಗಾಡಿಯವನಿಗೆ ಹೇಳಿಕಳಿಸಿದೆವು. ಅವನು ಭತ್ತದ ಚೀಲದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಹಸಿರು ಎಲೆಗಳ ಒಂದು ಹೊರೆಯನ್ನೇ ತಂದ. ಅವ್ವ ಅರೆದು ಕುಡಿಸಿದಳು. ಅದು ಯಾವ ಎಲೆಯೋ ಇಂದಿಗೂ ತಿಳಿಯದು, ಒಂದೆಲಗವಂತೂ ಆಗಿರಲಿಲ್ಲ. ಮೂರು ದಿನ ನನಗೆ ನೆನಪಿದ್ದದ್ದು ಮನೆಯಿಂದ ಬೇಲಿಯ ಮರೆಗೆ ಹೋಗುವ ದಾರಿಯೊಂದೇ.

ಎರಡನೆಯದು ಮಹಬೂಬನ ಶೋಧ. ಕಲಿಯಬೇಕಾದ್ದನ್ನು ರೊಟ್ಟಿಯ ಮೇಲೆ ಬರೆದು ತಿಂದರೆ ರಕ್ತಕ್ಕೆ ಇಳಿಯುತ್ತದೆಂದು ಅವನ ವಾದ. ಕೆಂಪು ಚಟ್ನಿಯಲ್ಲಿ ಕಡ್ಡಿ ಅದ್ದಿ ಹಿಂದುಸ್ತಾನದ ನದಿಗಳನ್ನೆಲ್ಲ ಒಂದು ಜೋಳದ ರೊಟ್ಟಿಯ ಮೇಲೆ ಬರೆದು ಇಬ್ಬರೂ ಅರ್ಧರ್ಧ ತಿಂದೆವು. ಮರುದಿನ ಮೌಲ್ವಿ ಸಾಹೇಬರು ಕೇಳಿದಾಗ ಉತ್ತರದ ನದಿಗಳು ಅವನಿಗೆ ಬರಲಿಲ್ಲ, ದಕ್ಷಿಣದವು ನನಗೆ ಬರಲಿಲ್ಲ. "ನನ್ನ ಪಾಲಿನವು ನೀ ತಿಂದಿ" ಎಂದು ಮಹಬೂಬ ನನ್ನ ಮೇಲೆ ಸಿಟ್ಟಾದ. ಎರಡು ದಿನ ಮಾತು ಬಿಟ್ಟಿದ್ದೆವು.

ಪುಸ್ತಕ ತಲೆದಿಂಬಿನ ಕೆಳಗೆ ಇಟ್ಟು ಮಲಗಿದ್ದೂ ಆಯಿತು. ಅದರ ಫಲ ಇಷ್ಟೇ: ಮಧ್ಯ ಏಶಿಯಾವನ್ನು ಇಲಿ ತಿಂದಿತು.

ಈ ಎಲ್ಲ ಪ್ರಯೋಗಗಳನ್ನು ಭಟ್ಟಿಯ ಹಿಂದಿನಿಂದ ನೋಡುತ್ತಿದ್ದವಳು ಹಂಪವ್ವತ್ತೆ. ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ದಿನವೇ ಭಟ್ಟಿಯ ಮುಂದೆ ಕೂತಳಂತೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳನ್ನು ನೋಡಿದ್ದು ಅಲ್ಲಿಯೇ: ಎದುರಿಗೆ ಕಾದ ಮರಳಿನ ದೊಡ್ಡ ಬಾಣಲೆ, ಕೈಯಲ್ಲಿ ಮರಳು ಕೆದಕುವ ಕಡ್ಡಿಯ ಕಟ್ಟು, ಪಕ್ಕದಲ್ಲಿ ಜರಡಿ. ಉಪ್ಪುನೀರು ಹಿಡಿದ ಅಕ್ಕಿಯನ್ನು ಮರಳಿಗೆ ಹಾಕಿದರೆ ಚಟಪಟ ಸದ್ದು ಎದ್ದು, ಎಣಿಸುವಷ್ಟರಲ್ಲಿ ಬಾಣಲೆ ಬೆಳ್ಳಗಾಗುತ್ತಿತ್ತು. ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಊರಲ್ಲಿ ಯಾರ ಮಗು ಯಾವ ಹುಣ್ಣಿಮೆಯ ಎಷ್ಟನೆಯ ದಿನ ಹುಟ್ಟಿತು, ಯಾರ ಎಮ್ಮೆ ಯಾವ ಬೇಸಿಗೆಯಲ್ಲಿ ಕಳೆದುಹೋಗಿ ಯಾವ ಹೊಲದಲ್ಲಿ ಸಿಕ್ಕಿತು ಎಂಬುದರಲ್ಲಿ ಅವಳ ಮಾತೇ ಕಡೆಯ ಮಾತು. ಜಗಳ ಬಿದ್ದವರು ಸಾಕ್ಷಿಗೆ ಅವಳ ಹತ್ತಿರ ಬರುತ್ತಿದ್ದರು.

ಒಂದು ಸಂಜೆ ನಾನು ಭಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂತು ತೂಗುತ್ತಿದ್ದೆ. "ಆಬನಾಯ್ ಪಾನೀ ಕಾ ವೋ ತಂಗ್ ಹಿಸ್ಸಾ ಹೈ ಜೋ ದೋ ಸಮುಂದರೋಂ ಕೋ ಮಿಲಾತಾ ಹೈ. ಖಾಕನಾಯ್ ಖುಷ್ಕೀ ಕಾ ವೋ ತಂಗ್ ಹಿಸ್ಸಾ ಹೈ..." ಅತ್ತೆ ಕಡ್ಡಿಯ ಕಟ್ಟು ನಿಲ್ಲಿಸಿದಳು.

"ಏನಲೇ ಈರ್ಯಾ, ಅರ್ಧ ತಾಸಾತು ನಾಯಿ ನಾಯಿ ಅನ್ನಾಕ ಹತ್ತಿ. ಎಂಥಾ ನಾಯಿ ಅದು?"

"ನಾಯಿ ಅಲ್ಲತ್ತಿ, ಆಬನಾಯ್."

"ಅದಽ ಮತ್ತ. ಏನ ಮಾಡತೈತಿ ಆ ನಾಯಿ?"

"ಏನೂ ಮಾಡಂಗಿಲ್ಲ. ಪುಸ್ತಕದಾಗ ಐತಿ."

"ಅಂದ್ರ ಏನು?"

ನನ್ನ ವಿದ್ಯಾಭ್ಯಾಸದ ಏಳು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಬರುತ್ತದೆಯೇ ಎಂದು ಕೇಳಿದ್ದರು, ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದ್ದರು. ಅಂದರೆ ಏನು ಎಂದು ಕೇಳಿದವಳು ಇವಳೊಬ್ಬಳು. ನಾನು ಮತ್ತೊಮ್ಮೆ ಮೊದಲಿನಿಂದ ತೂಗಿ ನೋಡಿದೆ. ಅರ್ಥ ಎಲ್ಲಿಯೂ ಸಿಗಲಿಲ್ಲ.

"ಗೊತ್ತಿಲ್ಲತ್ತಿ" ಎಂದೆ.

"ಗೊತ್ತಿಲ್ಲದ್ದನ್ನ ಇಷ್ಟು ಒದರಾಕ ಹತ್ತಿಯೇನು?" ಎಂದು ಅವಳು ನಿಜವಾಗಿಯೂ ಬೆರಗಾದಳು. "ಇದಕ್ಕಿಂತ ನಮ್ಮ ಕೋಳಿ ಛಲೋ. ಒದರಿದ್ರ ತತ್ತಿನಾರ ಇರತೈತಿ. ನಾಳೆ ಮಾಸ್ತರಿಗೆ ಕೇಳಿಕೊಂಡು ಬಾ. ಬಂದು ನನಗ ಹೇಳು."

ಮರುದಿನ ಎದ್ದು ನಿಂತು ಮೌಲ್ವಿ ಸಾಹೇಬರನ್ನು ಕೇಳಿದೆ, ಆಬನಾಯ್ ಎಂದರೆ ಏನು? ಮೂವತ್ತು ಜನರ ತೂಗಾಟ ಒಮ್ಮೆಲೇ ನಿಂತಿತು. ಮಹಬೂಬ ನನ್ನ ಧೋತರ ಹಿಡಿದು ಕೆಳಗೆ ಜಗ್ಗಿದ. ಮೌಲ್ವಿ ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಕೇಳಿದರು: "ಯೇ ಕಿಸ್ ನೇ ಪೂಛಾ?" ಇದನ್ನು ಯಾರು ಕೇಳಿದರು? ನಾನೇ ಎದುರಿಗೆ ನಿಂತಿದ್ದರೂ ಅವರಿಗೆ ನಂಬಿಕೆ ಬರಲಿಲ್ಲ.

"ನಮ್ಮತ್ತಿ ಕೇಳ್ಯಾಳ್ರಿ. ಮಂಡಾಳು ಭಟ್ಟಿ ಹಂಪವ್ವ" ಎಂದು ಹರಕು ಉರ್ದುವಿನಲ್ಲಿ ಹೇಳಿದೆ.

ಅವರು ಹೂಜಿ ತರಿಸಿ, ಸಾಲೆಯ ಅಂಗಳಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ಆ ಉದ್ದನೆಯ ಶೇರವಾನಿಯನ್ನು ಮೊಣಕಾಲಿಗೆ ಮಡಚಿ ಮಣ್ಣಿನಲ್ಲಿ ಕೂತರು. ಬೆತ್ತದಿಂದ ಎರಡು ತಗ್ಗು ತೋಡಿ ನೀರು ಸುರಿದರು. ನಡುವೆ ಒಂದು ಸಣ್ಣ ಕಾಲುವೆ ಗೀರಿದರು. ಒಂದು ತಗ್ಗಿನ ನೀರು ಇನ್ನೊಂದರ ನೀರನ್ನು ಹೋಗಿ ಮುಟ್ಟಿತು. "ಯೇ ಆಬನಾಯ್" ಎಂದರು. ಆ ಕಾಲುವೆಗೆ ಮಣ್ಣು ತುಂಬಿ ಬದು ಮಾಡಿದರು. "ಔರ್ ಯೇ ಖಾಕನಾಯ್." ಅಷ್ಟೇ! ಅದಕ್ಕಾಗಿ ನಾನು ಒಂದು ವರ್ಷ ನಪಾಸಾಗಿದ್ದೆ.

ಸಂಜೆ ಓಡಿಹೋಗಿ ಅತ್ತೆಗೆ ಹೇಳಿದೆ. ಬಾಣಲೆ ಚಟಪಟ ಎನ್ನುತ್ತಿದ್ದುದರಿಂದ ಕೂಗಿ ಹೇಳಬೇಕಾಯಿತು. ಹೇಳುವಾಗ ನಡುವೆ ಎರಡು ಸಲ ತಪ್ಪಿದೆ. ನಾನು ತಪ್ಪಿದಲ್ಲೆಲ್ಲ ಅವಳಿಗೂ ತಿಳಿಯುತ್ತಿರಲಿಲ್ಲ. "ತಡಿ ತಡಿ, ನೀರು ಎಲ್ಲಿಂದ ಬಂತು?" ಎನ್ನುವಳು. ನಾನು ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುವೆ. ಕೊನೆಗೆ ಅವಳು ಬೂದಿಯಲ್ಲಿ ಬೆರಳಿಂದ ಗೀರಿ ನೋಡಿ, ತಾನೇ ಒಂದು ಕತೆ ಕಟ್ಟಿದಳು: "ಆಬನಾಯಿ ನೀರಿನ ನಾಯಿ. ಎರಡು ನೆಲದ ನಡುವ ನುಸುಳಿ ಹೋಗಿ ಆ ಕಡೆ ಸಮುದ್ರದ ಮೂತಿ ಮೂಸಿ ನೋಡತೈತಿ. ಖಾಕನಾಯಿ ಮಣ್ಣಿನ ನಾಯಿ. ಎರಡು ನೀರಿನ ನಡುವ ಅಡ್ಡ ಮಲಗಿ ಬಿಡತೈತಿ, ಏಳಂಗಿಲ್ಲ." ಮೌಲ್ವಿ ಸಾಹೇಬರಿಗೆ ಇದನ್ನು ಉರ್ದುವಿನಲ್ಲಿ ಹೇಳಿದಾಗ ಅವರು ನಕ್ಕು ನಕ್ಕು ಕೆಮ್ಮು ಬಂದು, ಹುಡುಗರು ನೀರು ಕೊಡಬೇಕಾಯಿತು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಬೆಳಗ್ಗೆ ಹಾಜರಿ ಮುಗಿಸಿ ಮೌಲ್ವಿ ಸಾಹೇಬರು ಮೊದಲು ಕೇಳುತ್ತಿದ್ದದ್ದು, "ಹಂಪವ್ವ ಬಾಯಿ ಕ್ಯಾ ಪೂಛೀಂ?" ಹಂಪವ್ವ ಏನು ಕೇಳಿದಳು? ಅವಳ ಪ್ರಶ್ನೆಗಳಿಗೇನು ಬರ! ಸಮುದ್ರಕ್ಕೆ ಅಷ್ಟು ನದಿ ಸೇರಿದರೂ ಅದು ಯಾಕೆ ತುಂಬಿ ಹರಿಯುವುದಿಲ್ಲ? ಬಾದಶಹ ಸತ್ತಾಗಲೆಲ್ಲ ಮಕ್ಕಳು ಹೊಡೆದಾಡುತ್ತಾರಲ್ಲ, ಅವರವ್ವ ಏನು ಮಾಡುತ್ತಿದ್ದಳು? ಬೆಂಕಿಯ ಬೆಟ್ಟದ ಒಳಗೆ ಕಟ್ಟಿಗೆ ಒಟ್ಟುವವರು ಯಾರು? ಕೆಲವಕ್ಕೆ ಮೌಲ್ವಿ ಸಾಹೇಬರ ಹತ್ತಿರವೂ ಉತ್ತರವಿರಲಿಲ್ಲ. "ನೋಡಿ ಹೇಳುತ್ತೇನೆ" ಎಂದು ದಪ್ಪ ಪುಸ್ತಕಗಳನ್ನು ತೆರೆಯುತ್ತಿದ್ದರು. ಬಾದಶಹರ ತಾಯಂದಿರ ಪ್ರಶ್ನೆಗೆ ಒಂದು ವಾರ ಹಿಡಿಯಿತು. ಅತ್ತೆ ಉತ್ತರ ಸಿಕ್ಕ ಸಂತೋಷಕ್ಕೆ ಒಗ್ಗರಣೆ ಹಾಕಿದ ಮಂಡಾಳು ಕಟ್ಟಿ ಕಳಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಇವಳಿಗೆ ಉರ್ದು ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಹೋಗಿಬರುತ್ತಿದ್ದ ದಾರಿ ನಾನೊಬ್ಬನೇ.

ನನ್ನ ಕಷ್ಟವೇನೆಂದರೆ, ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಸಾಲೆಯಲ್ಲಿ ತಲೆದೂಗುತ್ತ ಕೂತರೆ ತಿಳಿಯಿತೆಂದು ನಂಬಿಸಬಹುದು. ಅತ್ತೆಯನ್ನು ನಂಬಿಸಲಾಗದು. ಒಮ್ಮೆ ಅರ್ಧಂಬರ್ಧ ಕೇಳಿಕೊಂಡು ಬಂದು ಏನೋ ಒಂದು ಹೇಳಿದೆ. ಅವಳು ಜರಡಿ ಕೆಳಗಿಟ್ಟು, "ಇದು ನಿನಗ ತಿಳಿದಿಲ್ಲ" ಎಂದಳು.

"ನಿನಗ ಹೆಂಗ ಗೊತ್ತಾತು?"

"ತಿಳಿದಿದ್ರ ನನಗೂ ತಿಳೀತಿತ್ತು."

ಅವಳ ಮರೆವಿಲ್ಲದ ತಲೆಯ ಗುಟ್ಟನ್ನೂ ಅಂದೇ ಕೇಳಿದೆ. ಅದರಲ್ಲಿ ಗುಟ್ಟೇನಿದೆ ಎಂಬಂತೆ ನೋಡಿದಳು. "ಮುಂಜಾನಿ ಒಬ್ಬಾಕಿ ಬಂದು ಏನರ ಹೇಳತಾಳ. ಸಂಜಿತನಕ ಬಂದವರಿಗೆಲ್ಲ ನಾ ಅದನ್ನ ಹೇಳತೀನಿ. ಹತ್ತು ಮಂದಿಗೆ ಹೇಳಿದ್ದು ಹೆಂಗ ಮರೀತೈತಿ? ಒಳಗ ಇಟ್ಟ ಜೋಳಕ್ಕಽ ನುಸಿ ಹತ್ತೂದು."

ವರ್ಷ ಕಳೆಯಿತು. ಆ ಸಲ ಪರೀಕ್ಷೆ ಕೊಪ್ಪಳದಲ್ಲಿ. ಅಪ್ಪ ನನ್ನನ್ನೂ ಮಹಬೂಬನನ್ನೂ ಬಸ್ಸಿಗೆ ಹತ್ತಿಸಿದ. ಯುದ್ಧದ ಕಾಲವಾದ್ದರಿಂದ ಪೆಟ್ರೋಲಿರಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕೊಳವೆಯೊಲೆ ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ನಮಗೆ ಬಸ್ಸಿನಲ್ಲಿ ಕೂತದ್ದಕ್ಕಿಂತ ಬಸ್ಸು ನೂಕಿದ ನೆನಪೇ ಹೆಚ್ಚು. ಕೊಪ್ಪಳ ಮುಟ್ಟಿದಾಗ ನಮ್ಮಿಬ್ಬರ ಮುಖಗಳೂ ಇದ್ದಿಲಿನಂತಾಗಿದ್ದವು.

ಬರೆಯುವ ಪರೀಕ್ಷೆಗಳು ಹೇಗೋ ಮುಗಿದವು. ಕೊನೆಯ ದಿನ ಬಾಯಿಪರೀಕ್ಷೆ. ಒಂದು ಕೋಣೆಯಲ್ಲಿ ದೊಡ್ಡ ಮೇಜು. ಅದರ ಹಿಂದೆ ದಪ್ಪ ಮೀಸೆಯ ಪರೀಕ್ಷಕರು. ನನ್ನ ಸರದಿ ಬಂತು. ಅವರು ಕಾಗದ ನೋಡುತ್ತಲೇ ಕೇಳಿದರು: "ಆಬನಾಯ್ ಕಿಸೇ ಕಹತೇ ಹೈಂ?"

ಆಬನಾಯ್ ಎಂದರೆ ಏನು! ಜಗತ್ತಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ ಅದೊಂದೇ. ಆದರೆ ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಸಮುದ್ರದ ಮೂತಿ ಮೂಸುವ ಅತ್ತೆಯ ನಾಯಿ ಕಣ್ಣ ಮುಂದೆ ಬಂದು ನನಗೆ ನಗು ಬಂತು. ತಡೆಯಲು ತುಟಿ ಕಚ್ಚಿದೆ. ಮೂಗಿನಿಂದ ಹೊರಟಿತು. ಪರೀಕ್ಷಕರು ತಲೆಯೆತ್ತಿದರು. ಅವರ ಮೀಸೆ ಒಂದು ಕಡೆ ಮೇಲೆ ಹೋಯಿತು. ಅದರಿಂದ ನಗು ಇನ್ನಷ್ಟು ಹೆಚ್ಚಿತು. "ಬಾಹರ್ ಜಾವ್" ಎಂದು ಅವರು ಬಾಗಿಲ ಕಡೆ ಕೈ ಮಾಡಿದರು.

ಹೊರಗೆ ಹೋಗೆಂದರೆ ನೇರ ಎತ್ತುಗಳ ಹಿಂದೆ ಹೋಗಬೇಕು. ನಗು ಅಲ್ಲಿಯೇ ಸತ್ತಿತು. ಉತ್ತರ ಹೇಳುತ್ತೇನೆಂದು ಕೈ ಮುಗಿದೆ. ಬಾಯಿ ತೆರೆದರೆ ಮೊದಲ ಶಬ್ದವೇ ಹೊರಡದು. ತೂಗಬಾರದೆಂದು ಹೋದ ವರ್ಷವೇ ಗೊತ್ತಾಗಿತ್ತು. ಕಣ್ಣು ಮುಚ್ಚಿ, ಮೇಜಿನ ಹಿಂದೆ ಮೀಸೆಯವರು ಇಲ್ಲ, ಅತ್ತೆ ಕೂತಿದ್ದಾಳೆ ಎಂದುಕೊಂಡೆ. ಅವಳಿಗೆ ಹೇಳಿದಂತೆ ಹೇಳತೊಡಗಿದೆ. ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಒಂದು ಸಮುದ್ರ ಮಾಡಿದೆ, ನೀರಿನ ಲೋಟವನ್ನು ಇನ್ನೊಂದು ಮಾಡಿದೆ, ಅವರ ಎರಡು ಕಡತಗಳನ್ನು ಹತ್ತಿರ ಸರಿಸಿ ನಡುವೆ ಬೆರಳು ಓಡಿಸಿದೆ. ಭಾಷೆಯೇನೋ ಉರ್ದು. ಧ್ವನಿ ಮಾತ್ರ ಭಟ್ಟಿಯದು. ವರ್ಷವಿಡೀ ಚಟಪಟ ಸದ್ದಿನ ಮೇಲೆ ಕೂಗಿ ಕೂಗಿ ನನಗೆ ಪಾಠವನ್ನು ಮೆಲ್ಲಗೆ ಹೇಳುವುದು ಗೊತ್ತೇ ಇರಲಿಲ್ಲ. ಪಕ್ಕದ ಕೋಣೆಯಿಂದ ಇಬ್ಬರು ಜವಾನರು ಓಡಿಬಂದರು. ಪರೀಕ್ಷಕರು ಎರಡೂ ಕಿವಿಯ ಮೇಲೆ ಕೈಯಿಟ್ಟು, "ಆಹಿಸ್ತಾ, ಮಿಯಾಂ, ಆಹಿಸ್ತಾ!" ಎನ್ನುತ್ತಿದ್ದರು. ಮೆಲ್ಲಗೆ, ಮೆಲ್ಲಗೆ! ನಾನು ಖಾಕನಾಯನ್ನೂ ಮುಗಿಸಿಯೇ ಕಣ್ಣು ಬಿಟ್ಟೆ.

ಅವರು ತಮ್ಮ ಕಡತಗಳನ್ನು ಎಳೆದುಕೊಂಡು, ಇದನ್ನು ನಿನಗೆ ಹೀಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಮೌಲ್ವಿ ಸಾಹೇಬರೆಂದೆ. ಅದು ಅರ್ಧ ಸತ್ಯ. ಹುರಿಯುವ ಹೆಂಗಸಿನ ಹೆಸರು ಹೇಳಿದರೆ ಮತ್ತೆ ಬಾಗಿಲು ತೋರಿಸಿಯಾರೆಂದು ಹೆದರಿದ್ದೆ. ಆ ಹೆದರಿಕೆಗೆ ಇವತ್ತಿಗೂ ನನಗೆ ನನ್ನ ಮೇಲೆ ಬೇಸರವಿದೆ.

ಪಾಸಾದೆ. ಮಹಬೂಬನೂ ಪಾಸಾದ. ಗುಡ್ಡ ಹತ್ತಿ ಇಳಿದಷ್ಟು ಸಂತೋಷವಾಯಿತು. ಅಪ್ಪ ಎತ್ತುಗಳಿಗೆ ಆ ದಿನ ಎರಡು ಹಿಡಿ ಹತ್ತಿಕಾಳು ಹೆಚ್ಚು ಹಾಕಿದ. ನನ್ನಿಂದ ಅವಕ್ಕೆ ಬಿಡುಗಡೆಯಾದ ಲೆಕ್ಕದಲ್ಲೋ ಏನೋ. ರಾಯಚೂರಿನ ಹೈಸ್ಕೂಲಿಗೆ ಹೋಗುವುದೆಂದು ಗೊತ್ತಾಯಿತು. ಊರೆಲ್ಲ ಬಂದು ಬೆನ್ನು ತಟ್ಟಿತು. ಹಂಪವ್ವತ್ತೆ ಮಾತ್ರ ಬಾಣಲೆಯಿಂದ ಮುಖ ಎತ್ತಲಿಲ್ಲ.

"ಅತ್ತಿ, ನಿನಗ ಸಂತೋಷ ಆಗಲಿಲ್ಲೇನು?" ಎಂದೆ.

"ಆಗೇತಿ" ಎಂದಳು. ಒಂದು ಸುತ್ತು ಅಕ್ಕಿ ಹಾಕಿ, ಅರಳಿಸಿ, ಜರಡಿ ಹಿಡಿದಮೇಲೆ ಕೇಳಿದಳು: "ಇನ್ನ ನನಗ ಯಾರು ಹೇಳತಾರ?"

ಇಡೀ ವರ್ಷ ಅವಳು ನನಗಾಗಿ ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ತನಗಾಗಿಯೂ ಕೇಳುತ್ತಿದ್ದಳು ಎಂಬುದು ಅಂದು ಹೊಳೆಯಿತು. ಮರುದಿನ ಬಸ್ಸು ಹತ್ತಿದೆ. ಎರಡು ಏರು ನೂಕುವುದರೊಳಗೆ ಅದನ್ನೂ ಮರೆತೆ.

ರಾಯಚೂರಿನಲ್ಲಿ ನಾನು ಮತ್ತೆ ಹಳೆಯ ಚಾಳಿಗೆ ಬಿದ್ದೆ. ಅಲ್ಲಿ ಅಂದರೇನು ಎಂದು ಕೇಳುವವರಿರಲಿಲ್ಲ. ಯಾರ ಪಾಡಿಗೆ ಯಾರೋ, ನನ್ನ ಪಾಡಿಗೆ ನಾನು ತೂಗುತ್ತಿದ್ದೆ. ಐದಾರು ತಿಂಗಳ ಮೇಲೆ ರಜೆಗೆ ಊರಿಗೆ ಬಂದೆ. ತಲೆಗೆ ಹೊಸ ಟೋಪಿ, ಕೈಯಲ್ಲಿ ಪೆಟ್ಟಿಗೆ, ದೊಡ್ಡ ಊರಿನಿಂದ ಬಂದವನ ನಡಿಗೆ. ಮನೆಯ ಮುಂದೆ ಭಟ್ಟಿಯ ಸುತ್ತ ಏಳೆಂಟು ಹೆಂಗಸರು ಮೊರ, ಬುಟ್ಟಿ ಹಿಡಿದು ನಿಂತಿದ್ದರು. ಬೇವಿನ ಮರದ ನೆರಳಲ್ಲಿ ಒಂದು ಕಟ್ಟಿಗೆಯ ತುಂಡಿನ ಮೇಲೆ ಶೇರವಾನಿ ಮಡಚಿಕೊಂಡು ಕೂತವರನ್ನು ನೋಡಿ ಪೆಟ್ಟಿಗೆ ಕೆಳಗಿಟ್ಟೆ. ಮೌಲ್ವಿ ಸಾಹೇಬರು!

"ನೀ ಹೋದ ಮ್ಯಾಲೆ ಇವರಿಗೆ ಸಾಲ್ಯಾಗ ಯಾರೂ ಏನೂ ಕೇಳವಲ್ರಂತ" ಎಂದಳು ಅತ್ತೆ. "ಒಂದಿನ ಮಂಡಾಳು ಕೇಳಕೊಂತ ಬಂದ್ರು. ನಾ ಬಿಡ್ತೀನೇನು? ಹಿಡಿದು ಕುಂದ್ರಿಸಿದೆ."

ಮೌಲ್ವಿ ಸಾಹೇಬರು ನನ್ನನ್ನು ನೋಡಿ ನಕ್ಕು, "ಬಾ ಈರಣ್ಣ, ಛಲೋ ಇದ್ದೀ ಏನು?" ಎಂದರು. ಕನ್ನಡದಲ್ಲಿ! ವರ್ಷಗಟ್ಟಲೆ ನಮಗೆಲ್ಲ ಉರ್ದು ಕಲಿಸಿ ತಾವು ಒಂದು ಕನ್ನಡ ಮಾತು ಕಲಿಯದಿದ್ದವರು ಈಗ ತಪ್ಪುತ್ತ ತಡವುತ್ತ ಮಾತಾಡುತ್ತಿದ್ದರು. ತಪ್ಪಿದಲ್ಲೆಲ್ಲ ಹೆಂಗಸರು ಒಟ್ಟಿಗೆ ತಿದ್ದುತ್ತಿದ್ದರು. ಅವರು ತಿದ್ದಿದ್ದನ್ನು ಮೌಲ್ವಿ ಸಾಹೇಬರು ಎರಡೆರಡು ಸಲ ಹೇಳಿಕೊಳ್ಳುತ್ತಿದ್ದರು. ಅತ್ತೆಯ ಭಟ್ಟಿಗೂ ಈಗ ಒಂದು ಕಾಯಿದೆ ಬಂದಿತ್ತು. ನಿನ್ನೆ ಕೇಳಿದ್ದನ್ನು ತಿರುಗಿ ಹೇಳಿದವರಿಗೆ ಮೊದಲು ಮಂಡಾಳು, ಹೇಳಲು ಬಾರದವರು ನಿಂತಿರಬೇಕು.

ನನ್ನ ಟೋಪಿಯನ್ನು ಮೆಚ್ಚಿ ನೋಡುತ್ತಿದ್ದ ಒಬ್ಬ ಹೆಂಗಸು ಕೇಳಿದಳು: "ತಮ್ಮಾ, ನೀ ರಾಯಚೂರಾಗ ಓದಾಕ ಹತ್ತೀಯಂತ. ನೆಲ ಗುಂಡಗೈತಿ ಅಂತಾರ. ಹಂಗಾದ್ರ ನಮ್ಮ ಕುಷ್ಟಗಿ ಅದರ ಮ್ಯಾಲಿನ ಮಗ್ಗಲಾಗೈತೋ, ಕೆಳಗಿನ ಮಗ್ಗಲಾಗೈತೋ?"

ಎಲ್ಲರೂ ನನ್ನ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡೆ. ಏಳನೆಯ ಇಯತ್ತೆಯಲ್ಲಿ ಇದೇ ಭಟ್ಟಿಯ ಮುಂದೆ ನಾನೇ ಕೂಗಿ ಹೇಳಿದ್ದ ಪಾಠ. ಒಂದು ಶಬ್ದವೂ ನೆನಪಾಗಲಿಲ್ಲ. ನನಗರಿವಿಲ್ಲದೆ ಹಿಂದೆ ಮುಂದೆ ತೂಗತೊಡಗಿದ್ದೆನಂತೆ. ಒಬ್ಬಾಕೆ, "ಪ್ರಯಾಣ ಮಾಡಿ ಬಂದಾನ, ಜೋಲಿ ಹೊಡ್ಯಾಕ ಹತ್ಯಾನ, ಹಿಡೀರಿ" ಎಂದು ಬುಟ್ಟಿ ಕೆಳಗೆ ಹಾಕಿ ನನ್ನ ತೋಳು ಹಿಡಿದುಕೊಂಡಳು.

ಅತ್ತೆ ಮಾತ್ರ ರೋಗ ಗುರುತಿಸಿದಳು.

"ಹೋದಾಗಿಂದ ಇದನ್ನ ಯಾರಿಗೂ ಹೇಳಿಲ್ಲೇನಲೇ?"

"ಇಲ್ಲತ್ತಿ."

"ಒಬ್ಬರಿಗೂ?"

"ಯಾರೂ ಕೇಳಲಿಲ್ಲ."

ಅವಳು ಬಯ್ಯುವಳೆಂದು ಕಾದೆ. ಬಯ್ಯಲಿಲ್ಲ. ಮೌಲ್ವಿ ಸಾಹೇಬರ ಕಡೆ ನೋಡಿದಳು. ಅವರು "ನೀವು ಹೇಳ್ರಿ ಬಾಯಿ" ಎಂಬಂತೆ ಕೈ ಮುಂದೆ ಮಾಡಿದರು. ಅವಳು ಕಡ್ಡಿಯ ಕಟ್ಟನ್ನು ಬಾಣಲೆಯ ಅಂಚಿಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಪ್ರಶ್ನೆ ಕೇಳಿದ ಹೆಂಗಸಿಗೆ ಹೇಳಿದಳು:

"ಮ್ಯಾಲ ಕೆಳಗ ಅನ್ನೂದು ನೆಲಕ್ಕ ಗೊತ್ತಿಲ್ಲವಾ, ನಮ್ಮ ಕಾಲಿಗೆ ಗೊತ್ತು. ನೆಲ ಎಲ್ಲಾರನ್ನೂ ತನ್ನ ಕಡೆ ಜಗ್ಗತೈತಿ. ಕುಷ್ಟಗ್ಯಾಗ ನಿಂತ್ರೂ ಕಾಲು ಕೆಳಗ, ವಿಲಾಯತಿಯೊಳಗ ನಿಂತ್ರೂ ಕಾಲು ಕೆಳಗ. ಯಾರೂ ಯಾರ ಕೆಳಗೂ ಇಲ್ಲ."

ಹೆಂಗಸರು ತಮ್ಮ ತಮ್ಮ ಕಾಲು ನೋಡಿಕೊಂಡರು. ಮೌಲ್ವಿ ಸಾಹೇಬರು ಆ ಕಡೆಯ ಮಾತನ್ನು ಕನ್ನಡದಲ್ಲೇ ಎರಡು ಸಲ ಮೆಲ್ಲಗೆ ಹೇಳಿಕೊಂಡರು. ಅತ್ತೆ ಮರಳಿಗೆ ಅಕ್ಕಿ ಸುರಿದು, ಚಟಪಟ ಸದ್ದು ಏಳುವ ಮೊದಲೇ ನನಗೆ ಟೋಪಿ ತೆಗೆದಿಡು ಎಂದು ಸನ್ನೆ ಮಾಡಿ, ಎಲ್ಲರ ಹಿಂದೆ ಒಂದು ಜಾಗ ತೋರಿಸಿದಳು. ಹೋಗಿ ನಿಂತುಕೊಂಡೆ. ಆ ದಿನ ಮಂಡಾಳು ಸಿಕ್ಕವರಲ್ಲಿ ಕಡೆಯವನು ನಾನೇ.